ಭದ್ರೆಯ ನೀರು ಮತ್ತು ಪರೇಟೊ ಅಂಚು

ಕಂಪ್ಯೂಟರುಗಳು ಕ್ಷಣಾರ್ಧದಲ್ಲಿ ಕೋಟ್ಯಂತರ ಲೆಕ್ಕಗಳನ್ನು ಮಾಡಿ ಮುಗಿಸುವ ಈ ಕಾಲದಲ್ಲೂ ಒಂದು ಸೇತುವೆಯ ತೊಲೆ ಎಷ್ಟು ದಪ್ಪವಿರಬೇಕು, ಒಂದು ಜಲಾಶಯದಿಂದ ಯಾವ ತಿಂಗಳಲ್ಲಿ ಎಷ್ಟು ನೀರು ಬಿಡಬೇಕು ಎಂಬಂಥ ಪ್ರಶ್ನೆಗಳಿಗೆ ಎಲ್ಲರೂ ಒಪ್ಪುವ ಒಂದೇ ಉತ್ತರ ಏಕೆ ಸಿಗುವುದಿಲ್ಲ ಎಂದು ಓದುಗರು ಆಗಾಗ ಕೇಳುವುದುಂಟು. ಲೆಕ್ಕದ ಶಕ್ತಿ ಸಾಲದೆ ಹೀಗಾಗುತ್ತಿದೆ ಎಂಬ ಊಹೆ ಆ ಪ್ರಶ್ನೆಯ ಹಿಂದೆ ಇರುತ್ತದೆಯಾದರೂ ತೊಡಕು ಇರುವುದು ಬೇರೆ ಕಡೆ. ಯಾವುದನ್ನಾದರೂ ಅತ್ಯುತ್ತಮ ಎನ್ನಬೇಕಾದರೆ ಅಳೆಯುವ ಕೋಲು ಒಂದೇ ಆಗಿರಬೇಕು; ಎಂಜಿನಿಯರಿಂಗ್‌ನ ಬಹುಪಾಲು ನಿರ್ಧಾರಗಳಲ್ಲಿ ಅಳತೆಗೋಲುಗಳು ಎರಡೋ ಮೂರೋ ಅದಕ್ಕಿಂತ ಹೆಚ್ಚೋ ಇದ್ದು, ಒಂದರಲ್ಲಿ ಗಳಿಸಲು ಹೊರಟರೆ ಇನ್ನೊಂದರಲ್ಲಿ ಕಳೆದುಕೊಳ್ಳಬೇಕಾಗುತ್ತದೆ. ಹೀಗೆ ಪರಸ್ಪರ ಜಗ್ಗಾಡುವ ಹಲವು ಉದ್ದೇಶಗಳನ್ನು ಒಟ್ಟಿಗೆ ಎದುರಿಗಿಟ್ಟುಕೊಂಡು ಪರಿಹಾರ ಹುಡುಕುವ ಗಣಿತವನ್ನು ಬಹುಮಾನದಂಡ ಆಪ್ಟಿಮೈಸೇಶನ್ ಎಂದು ಕರೆಯುತ್ತಾರೆ.

ಎಲ್ಲ ಜಗ್ಗಾಟಗಳೂ ಈ ವರ್ಗಕ್ಕೆ ಸೇರುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ನದಿಯಿಂದ ಊರಿಗೆ ಕುಡಿಯುವ ನೀರು ಏರಿಸುವ ಕೊಳವೆಯ ವ್ಯಾಸ ಕಿರಿದಾದರೆ ಕೊಳವೆ ಅಗ್ಗವಾಗುತ್ತದೆ. ಆದರೆ ಅಷ್ಟೇ ಪ್ರಮಾಣದ ನೀರು ಅದರಲ್ಲಿ ಹರಿಯಬೇಕಾದಾಗ ಘರ್ಷಣೆಯಿಂದಾಗುವ ನಷ್ಟವು ವ್ಯಾಸದ ಐದನೆಯ ಘಾತಕ್ಕೆ ಹೆಚ್ಚುಕಡಿಮೆ ವಿಲೋಮವಾಗಿ ಏರುವುದರಿಂದ ಪಂಪಿನ ವಿದ್ಯುತ್ ಬಿಲ್ಲು ಬೆಳೆಯುತ್ತದೆ. ಇಲ್ಲಿ ಎರಡು ಖರ್ಚುಗಳೂ ರೂಪಾಯಿಯಲ್ಲೇ ಇದ್ದು, ಎರಡನ್ನೂ ಒಂದೇ ಸಂಸ್ಥೆ ಹೊರುತ್ತದೆ. ಆದ್ದರಿಂದ ಕೊಳವೆಯ ಇಂದಿನ ಬೆಲೆಗೆ ಮುಂದಿನ ಮೂವತ್ತು ವರ್ಷಗಳ ವಿದ್ಯುತ್ ವೆಚ್ಚದ ಇಂದಿನ ಮೌಲ್ಯವನ್ನು ಕೂಡಿ, ಮೊತ್ತ ಎಲ್ಲಿ ಕನಿಷ್ಠವಾಗುತ್ತದೆಯೋ ಆ ವ್ಯಾಸವನ್ನು ಆಯ್ದರೆ ಕೆಲಸ ಮುಗಿಯಿತು. ಎರಡು ಅಳತೆಗಳನ್ನು ಪ್ರಾಮಾಣಿಕವಾಗಿ ಒಂದೇ ಅಳತೆಗೆ ತರಲು ಬರುವಲ್ಲಿ ಬಹುಮಾನದಂಡದ ಮಾತೆತ್ತುವುದು ಅನಗತ್ಯ ಆಡಂಬರ. ಲಾಭ ಒಬ್ಬರದಾಗಿ ನಷ್ಟ ಇನ್ನೊಬ್ಬರದಾದಾಗ, ಅಥವಾ ಒಂದು ಕಡೆ ಹಣವೂ ಇನ್ನೊಂದು ಕಡೆ ಹಣಕ್ಕೆ ಇಳಿಸಲು ಮನಸ್ಸೊಪ್ಪದ ಸಂಗತಿಯೂ ನಿಂತಾಗ ಮಾತ್ರ ನಿಜವಾದ ಪ್ರಶ್ನೆ ಏಳುತ್ತದೆ.

ಅಂಥ ಪ್ರಶ್ನೆಗೆ ಕನ್ನಡ ನಾಡಿನಲ್ಲೇ ಒಂದು ಸ್ಪಷ್ಟವಾದ ನಿದರ್ಶನವಿದ್ದು, ಅದರ ಬಗ್ಗೆ ವಿದ್ವತ್ಪೂರ್ಣ ಅಧ್ಯಯನವೂ ನಡೆದಿದೆ. ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯ ಬಳಿ ಭದ್ರಾ ನದಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವು ಸುಮಾರು 71.5 ಟಿಎಂಸಿ ನೀರನ್ನು ಹಿಡಿಯಬಲ್ಲುದು. ಅದರ ಎಡದಂಡೆ ಮತ್ತು ಬಲದಂಡೆ ನಾಲೆಗಳು ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಭತ್ತದ ಗದ್ದೆಗಳಿಗೂ ಅಡಿಕೆ ತೋಟಗಳಿಗೂ ನೀರುಣಿಸುತ್ತವೆ. ಇದರೊಂದಿಗೆ ಎಡದಂಡೆಯಲ್ಲಿ 2, ಬಲದಂಡೆಯಲ್ಲಿ 13.2, ನದಿಪಾತ್ರದಲ್ಲಿ 24, ಒಟ್ಟು 39.2 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಘಟಕಗಳೂ ಅಲ್ಲಿವೆ. ನಾಲೆಗೆ ಹೋಗುವ ನೀರು ದಂಡೆಯ ಟರ್ಬೈನುಗಳನ್ನು ತಿರುಗಿಸಿಕೊಂಡೇ ಮುಂದೆ ಹೋಗಬಲ್ಲುದರಿಂದ ಅಷ್ಟರಮಟ್ಟಿಗೆ ರೈತನಿಗೂ ವಿದ್ಯುತ್ತಿಗೂ ಜಗಳವಿಲ್ಲ. ಜಗಳ ಹುಟ್ಟುವುದು ನದಿಪಾತ್ರದ ದೊಡ್ಡ ಟರ್ಬೈನುಗಳಲ್ಲಿ; ಅವುಗಳ ಮೂಲಕ ಇಳಿದ ನೀರು ನಾಲೆಗೆ ಏರಲಾರದೆ ಕೂಡಲಿಯತ್ತ ಹರಿದು, ತುಂಗೆಯನ್ನು ಸೇರಿ, ಹೊಸಪೇಟೆಯ ಜಲಾಶಯದ ಪಾಲಾಗುತ್ತದೆ. ಆ ನೀರು ಹೊಸಪೇಟೆಯ ಕೆಳಗಿನ ರೈತರಿಗೆ ವರವೇ ಆಗಬಹುದು, ಆದರೆ ಭದ್ರಾ ಅಚ್ಚುಕಟ್ಟಿನವರ ಲೆಕ್ಕದಲ್ಲಿ ಅದು ಕೈತಪ್ಪಿದ ನೀರು.

ಜಗಳದ ಇನ್ನೊಂದು ಬೇರು ಭೌತಶಾಸ್ತ್ರದಲ್ಲಿದೆ. ಟರ್ಬೈನ್ ಕೊಡುವ ಶಕ್ತಿಯು ಹರಿಯುವ ನೀರಿನ ಪ್ರಮಾಣವನ್ನಷ್ಟೇ ಅಲ್ಲದೆ ನೀರು ಬೀಳುವ ಎತ್ತರವನ್ನೂ ಅವಲಂಬಿಸುತ್ತದೆ. ಆದ್ದರಿಂದ ವಿದ್ಯುತ್ತಿನ ದೃಷ್ಟಿಯಿಂದ ಜಲಾಶಯ ಆದಷ್ಟು ಕಾಲ ತುಂಬಿರುವುದೇ ಒಳ್ಳೆಯದು. ಬೇಸಿಗೆ ಬೆಳೆಯ ದೃಷ್ಟಿಯಿಂದಾದರೋ ನೀರನ್ನು ಸಕಾಲದಲ್ಲಿ ಕೆಳಗಿಳಿಸುವುದೇ ಜಲಾಶಯ ಕಟ್ಟಿದ್ದರ ಅರ್ಥ. ಅಂಕಿಗಳಲ್ಲಿ ನೋಡುವುದಾದರೆ ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್ ನೀರು. ಅಷ್ಟು ನೀರು 50 ಮೀಟರ್ ಎತ್ತರದಿಂದ ಇಳಿದು, ಯಂತ್ರಗಳ ದಕ್ಷತೆ ಶೇ 85ರಷ್ಟಿದ್ದರೆ, ಸುಮಾರು 33 ಲಕ್ಷ ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಅದೇ ನೀರನ್ನು ಭತ್ತದ ಗದ್ದೆಗೆ ಒಂದು ಬೆಳೆಗೆ 1.2 ಮೀಟರ್ ಆಳದ ಲೆಕ್ಕದಲ್ಲಿ ಹಂಚಿದರೆ, ನಾಲೆಯ ಸೋರಿಕೆಯನ್ನು ಬಿಟ್ಟು, ಆರು ಸಾವಿರ ಎಕರೆಗೆ ಸ್ವಲ್ಪ ಕಡಿಮೆ ಪ್ರದೇಶಕ್ಕೆ ಸಾಕಾಗುತ್ತದೆ. 33 ಲಕ್ಷ ಯೂನಿಟ್ಟುಗಳಿಗೆ ಬೆಲೆ ಕಟ್ಟುವುದು ಸುಲಭ. ಭತ್ತಕ್ಕೂ ಮಾರುಕಟ್ಟೆಯ ಬೆಲೆಯಿದೆ. ಆದರೆ ನಾಲೆಯ ಕೊನೆಯಂಚಿನಲ್ಲಿ ನಾಟಿ ಮಾಡಿ, ತೆನೆ ಕಟ್ಟುವ ಹೊತ್ತಿಗೆ ನೀರು ಬಾರದೆ ಬೆಳೆ ಕಳೆದುಕೊಂಡ ಕುಟುಂಬದ ನಷ್ಟವನ್ನೂ ವಿದ್ಯುತ್ ಗ್ರಿಡ್ಡಿಗೆ ಸೇರಿದ ಯೂನಿಟ್ಟಿನ ಲಾಭವನ್ನೂ ಒಂದೇ ಕಾಲಂನಲ್ಲಿ ಬರೆದು ಕೂಡುವುದು ಗಣಿತಕ್ಕೆ ಸಾಧ್ಯವಾದರೂ ನ್ಯಾಯಕ್ಕೆ ಸಾಧ್ಯವಿಲ್ಲ.

ಕೂಡಲಾಗದ ಅಳತೆಗಳನ್ನು ಕೂಡದೆಯೇ ಮುಂದುವರಿಯುವ ದಾರಿಯನ್ನು ತೋರಿಸಿದವರಲ್ಲಿ ಮುಖ್ಯನಾದವನು ವಿಲ್ಫ್ರೆಡೊ ಪರೇಟೊ. ಅರ್ಥಶಾಸ್ತ್ರಜ್ಞನೆಂದೇ ಪ್ರಸಿದ್ಧನಾದ ಈತ ಮೂಲತಃ ಎಂಜಿನಿಯರ್; 1848ರಲ್ಲಿ ಹುಟ್ಟಿ, ಇಟಲಿಯ ಟ್ಯೂರಿನ್‌ನಲ್ಲಿ ಎಂಜಿನಿಯರಿಂಗ್ ಓದಿ, ರೈಲ್ವೆಯಲ್ಲೂ ಕಬ್ಬಿಣದ ಉದ್ಯಮದಲ್ಲೂ ದುಡಿದ ಬಳಿಕವೇ 1893ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾದವನು. ಅವನ ಹೆಸರಿನಲ್ಲಿ ಉಳಿದಿರುವ ವಿಚಾರ ಸರಳವಾದದ್ದು. ಒಂದು ಯೋಜನೆಯು ಇನ್ನೊಂದಕ್ಕಿಂತ ಯಾವ ಮಾನದಂಡದಲ್ಲೂ ಕೀಳಾಗದೆ, ಕನಿಷ್ಠ ಒಂದರಲ್ಲಿ ಮೇಲಾಗಿದ್ದರೆ ಆ ಎರಡನೆಯ ಯೋಜನೆಯನ್ನು ಚರ್ಚೆಯಿಲ್ಲದೆ ಕೈಬಿಡಬಹುದು, ಏಕೆಂದರೆ ಅದನ್ನು ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಹೀಗೆ ಸೋಲುವವುಗಳನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುವ ಯೋಜನೆಗಳಲ್ಲಿ ಒಂದಕ್ಕಿಂತ ಒಂದು ಯಾವುದೋ ಮಾನದಂಡದಲ್ಲಿ ಮೇಲಾಗಿ ಇನ್ನಾವುದೋ ಮಾನದಂಡದಲ್ಲಿ ಕೀಳಾಗಿರುತ್ತದೆ. ಗ್ರಾಫಿನ ಮೇಲೆ ಗುರುತಿಸಿದರೆ ಅವು ಸಾಧ್ಯತೆಯ ಪ್ರದೇಶದ ಹೊರ ಅಂಚಿನಲ್ಲಿ ಸಾಲುಗಟ್ಟುತ್ತವೆ. ಅದನ್ನೇ ಪರೇಟೊ ಅಂಚು ಎನ್ನುವುದು. ಅಂಚಿನ ಒಳಗಿರುವ ಯೋಜನೆ ಅದಕ್ಷತೆಯ ಗುರುತಾದರೆ ಅಂಚಿನ ಮೇಲೆ ಎಲ್ಲಿ ನಿಲ್ಲಬೇಕೆಂಬುದು ಆದ್ಯತೆಯ ವಿಷಯ. ಮೊದಲನೆಯದು ತಜ್ಞರು ತೀರ್ಮಾನಿಸಬೇಕಾದದ್ದು, ಎರಡನೆಯದು ಪರಿಣಾಮವನ್ನು ಅನುಭವಿಸುವವರು ಅಥವಾ ಅವರಿಗೆ ಉತ್ತರದಾಯಿಗಳಾದವರು ತೀರ್ಮಾನಿಸಬೇಕಾದದ್ದು. ಈ ಎರಡು ಕೆಲಸಗಳನ್ನು ಬೇರ್ಪಡಿಸಿದ್ದೇ ಈ ಶಾಸ್ತ್ರದ ದೊಡ್ಡ ಕೊಡುಗೆ, ಮತ್ತು ರೂಢಿಯಲ್ಲಿ ಹೆಚ್ಚಾಗಿ ಮರೆತುಹೋಗುವುದೂ ಅದೇ.

ಮರೆಯುವುದಕ್ಕೆ ಮುಖ್ಯ ಕಾರಣ ತೂಕ ಕೊಡುವ ಅಭ್ಯಾಸ. ವೆಚ್ಚಕ್ಕೆ ಶೇ 60, ಶಕ್ತಿ ನಷ್ಟಕ್ಕೆ ಶೇ 40 ಎಂದು ಮೊದಲೇ ನಿಗದಿಪಡಿಸಿ, ಗುಣಿಸಿ, ಕೂಡಿ, ಬಂದ ಮೊತ್ತವನ್ನು ಕನಿಷ್ಠಗೊಳಿಸುವ ಈ ಪದ್ಧತಿ ನೋಡಲು ವಸ್ತುನಿಷ್ಠವಾಗಿಯೇ ಇರುತ್ತದೆ. ಅದರಲ್ಲಿ ಎರಡು ದೋಷಗಳಿದ್ದು, ಒಂದು ಎದ್ದು ಕಾಣುವಂಥದ್ದು: ವೆಚ್ಚವನ್ನು ಲಕ್ಷದಲ್ಲಿ ಬರೆಯುವ ಬದಲು ಕೋಟಿಯಲ್ಲಿ ಬರೆದ ಮಾತ್ರಕ್ಕೆ ತೂಕಗಳ ಅರ್ಥವೇ ಬದಲಾಗುತ್ತದೆ. ಎರಡನೆಯದು ಮರೆಯಾಗಿರುವಂಥದ್ದು. ಲೆಕ್ಕಕ್ಕಾಗಿ ಮೂರು ವಿನ್ಯಾಸಗಳನ್ನು ಕಲ್ಪಿಸಿಕೊಳ್ಳಬಹುದು. ಮೊದಲನೆಯದರ ವೆಚ್ಚ 2, ನಷ್ಟ 10. ಎರಡನೆಯದರಲ್ಲಿ ವೆಚ್ಚವೂ ನಷ್ಟವೂ 6.5, ಮೂರನೆಯದರ ವೆಚ್ಚ 10, ನಷ್ಟ 2 ಎಂದಿರಲಿ. ಮೂರರಲ್ಲಿ ಯಾವುದೂ ಇನ್ನೊಂದನ್ನು ಎಲ್ಲ ರೀತಿಯಲ್ಲೂ ಮೀರಿಸುವುದಿಲ್ಲವಾದ್ದರಿಂದ ಮೂರೂ ಅಂಚಿನ ಮೇಲಿವೆ, ಮತ್ತು ಎರಡೂ ಕಡೆಯವರು ಕುಳಿತು ಮಾತಾಡಿದರೆ ನಡುವಿನದನ್ನೇ ಒಪ್ಪುವ ಸಾಧ್ಯತೆ ಹೆಚ್ಚು. ಆದರೆ ಸಮಾನ ತೂಕ ಕೊಟ್ಟಾಗ ಮೊದಲನೆಯದಕ್ಕೂ ಮೂರನೆಯದಕ್ಕೂ 6 ಬರುತ್ತದೆ, ನಡುವಿನದಕ್ಕೆ 6.5. ತೂಕವನ್ನು ಯಾವ ಕಡೆಗೆ ಸರಿಸಿದರೂ ತುದಿಯ ಎರಡರಲ್ಲಿ ಒಂದು 6ಕ್ಕಿಂತ ಕೆಳಗಿಳಿಯುತ್ತದೆಯೇ ಹೊರತು ನಡುವಿನದು 6.5ರಿಂದ ಕದಲುವುದಿಲ್ಲ. ಅಂದರೆ ಜಗತ್ತಿನ ಯಾವ ತೂಕದ ಜೋಡಿಯೂ ಆ ಮಧ್ಯಮ ವಿನ್ಯಾಸವನ್ನು ಆರಿಸಲಾರದು. ತಗ್ಗು ಬಿದ್ದ ಪಾತ್ರೆಯ ಮೈಗೆ ನೇರ ಪಟ್ಟಿಯೊಂದನ್ನು ಹೇಗೆ ಒತ್ತಿಹಿಡಿದರೂ ಅದು ತಗ್ಗಿನ ಎರಡು ಏಣುಗಳನ್ನು ತಾಗುವುದಲ್ಲದೆ ತಗ್ಗಿನ ತಳವನ್ನು ಮುಟ್ಟದಿರುವಂತೆ, ಒಳಕ್ಕೆ ಬಾಗಿದ ಅಂಚಿನ ಭಾಗಗಳು ತೂಕದ ಲೆಕ್ಕಕ್ಕೆ ಕಾಣಿಸುವುದೇ ಇಲ್ಲ. ಸಮತೋಲನಕ್ಕೆಂದು ರೂಪುಗೊಂಡ ಪದ್ಧತಿ ಸಮತೋಲನದ ಪರಿಹಾರವನ್ನೇ ಕಾಣದೆ ಹೋಗುವುದು ಗಂಭೀರವಾದ ಕೊರತೆ.

ಇದಕ್ಕೆ ಪರ್ಯಾಯವಾಗಿ 1970ರ ದಶಕದಿಂದ ಬಳಕೆಗೆ ಬಂದ ಇನ್ನೊಂದು ದಾರಿಯಲ್ಲಿ ಒಂದು ಉದ್ದೇಶವನ್ನು ಮಾತ್ರ ಗುರಿಯಾಗಿ ಇಟ್ಟುಕೊಂಡು ಉಳಿದವುಗಳಿಗೆ ಮಿತಿ ಹಾಕುತ್ತಾರೆ. ನೀರಾವರಿ ಕೊರತೆ ಇಷ್ಟನ್ನು ಮೀರಬಾರದು, ಆ ಷರತ್ತಿನೊಳಗೆ ವಿದ್ಯುತ್ ಎಷ್ಟು ಸಾಧ್ಯವೋ ಅಷ್ಟಾಗಲಿ ಎಂದು ಲೆಕ್ಕ ಮಾಡಿ, ಮಿತಿಯನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತ ಹೋದರೆ ಬಾಗಿದ ಭಾಗವೂ ಸೇರಿ ಇಡೀ ಅಂಚು ಹೊರಬರುತ್ತದೆ. ಇದರಿಂದ ಸಿಗುವ ಹೆಚ್ಚಿನ ಪ್ರಯೋಜನವೆಂದರೆ ಪ್ರತಿಯೊಂದು ಮಿತಿಯೂ ಎಷ್ಟು ದುಬಾರಿ ಎಂಬುದು ಬಯಲಾಗುವುದು: ಕೊರತೆಯ ಮಿತಿಯನ್ನು ಒಂದು ಹೆಜ್ಜೆ ಬಿಗಿಗೊಳಿಸಿದಾಗ ವಿದ್ಯುತ್ ಎಷ್ಟು ಇಳಿಯಿತು ಎಂಬುದೇ ಆ ಹೆಜ್ಜೆಯ ಬೆಲೆ. ಕೆಲವು ಸಂಗತಿಗಳು ಮಾತ್ರ ಎಂದಿಗೂ ಮಿತಿಯಾಗಿಯೇ ಉಳಿಯಬೇಕು. ಅಣೆಕಟ್ಟಿನ ಸುರಕ್ಷತೆ, ಕುಡಿಯುವ ನೀರಿನ ಮೀಸಲು, ನದಿಯ ಕೆಳಭಾಗದ ಜೀವಕ್ಕೆ ಬೇಕಾದ ಹರಿವು ಇವುಗಳನ್ನು ವಿದ್ಯುತ್ತಿನೊಂದಿಗೆ ವಿನಿಮಯ ಮಾಡಬಹುದಾದ ಉದ್ದೇಶಗಳ ಸಾಲಿಗೆ ಸೇರಿಸಿದ ಕ್ಷಣವೇ ಒಂದು ತಪ್ಪು ಬಾಗಿಲು ತೆರೆದಂತಾಗುತ್ತದೆ.

ಒಂದೊಂದೇ ಮಿತಿ ಬದಲಿಸುತ್ತ ಪ್ರತಿ ಬಾರಿಯೂ ಹೊಸದಾಗಿ ಲೆಕ್ಕ ಮಾಡುವ ಬದಲು ಇಡೀ ಅಂಚನ್ನು ಒಂದೇ ಓಟದಲ್ಲಿ ಹಿಡಿಯುವ ವಿಧಾನಗಳು ಜೀವವಿಕಾಸದ ತತ್ವದಿಂದ ಬಂದವು. ಭಾರತೀಯರು ಹೆಮ್ಮೆಪಡಬೇಕಾದ ಅಧ್ಯಾಯವಿದು. ಐಐಟಿ ಕಾನ್ಪುರದಲ್ಲಿದ್ದ ಕಲ್ಯಾಣ್ಮಯ್ ಡೆಬ್ ಅವರು ಸಹೋದ್ಯೋಗಿಗಳೊಂದಿಗೆ 2002ರಲ್ಲಿ ಪ್ರಕಟಿಸಿದ ಎನ್‌ಎಸ್‌ಜಿಎ-2 ಎಂಬ ಕ್ರಮವಿಧಿಯು ಜಗತ್ತಿನಾದ್ಯಂತ ಎಂಜಿನಿಯರುಗಳ ನಿತ್ಯದ ಸಾಧನವಾಗಿದೆ. ಅದರಲ್ಲಿ ನೂರಾರು ವಿನ್ಯಾಸಗಳ ಒಂದು ಸಮೂಹವನ್ನು ಇಟ್ಟುಕೊಂಡು, ಯಾವುದರಿಂದಲೂ ಸೋಲದವುಗಳನ್ನು ಮೊದಲ ದರ್ಜೆಗೆ, ಅವನ್ನು ಬಿಟ್ಟರೆ ಸೋಲದವುಗಳನ್ನು ಎರಡನೆಯ ದರ್ಜೆಗೆ ಹೀಗೆ ವಿಂಗಡಿಸುತ್ತಾರೆ. ಒಂದೇ ದರ್ಜೆಯಲ್ಲಿ ಒತ್ತೊತ್ತಾಗಿ ಗುಂಪುಗೂಡಿದವುಗಳಿಗಿಂತ ವಿರಳವಾದ ಜಾಗದಲ್ಲಿರುವವುಗಳಿಗೆ ಮನ್ನಣೆ ಕೊಡುತ್ತಾರೆ. ಉಳಿದವುಗಳ ಗುಣಗಳನ್ನು ಬೆರೆಸಿ, ಅಲ್ಲಲ್ಲಿ ಆಕಸ್ಮಿಕ ಬದಲಾವಣೆ ತಂದು ಮುಂದಿನ ಪೀಳಿಗೆಯನ್ನು ಸೃಷ್ಟಿಸುತ್ತಾರೆ. ಪೀಳಿಗೆಗಳು ಕಳೆದಂತೆ ಸಮೂಹವೇ ಅಂಚಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಜಂಗಾ ರೆಡ್ಡಿ ಮತ್ತು ಡಿ. ನಾಗೇಶ್ ಕುಮಾರ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಬಗೆಯ ವಿಧಾನವನ್ನು ಭದ್ರಾ ಜಲಾಶಯಕ್ಕೆ ಅನ್ವಯಿಸಿ, ನೀರಾವರಿ ಕೊರತೆಯನ್ನು ತಗ್ಗಿಸುವುದು ಮತ್ತು ಜಲವಿದ್ಯುತ್ತನ್ನು ಹೆಚ್ಚಿಸುವುದು ಎಂಬ ಎರಡು ಉದ್ದೇಶಗಳ ನಡುವಿನ ಅಂಚನ್ನು ಒಳಹರಿವಿನ ಮೂರು ಭಿನ್ನ ಸ್ಥಿತಿಗಳಿಗೆ ಗುರುತಿಸಿದರು.

ಇಂಥ ಅಧ್ಯಯನಗಳಲ್ಲಿ ಕೊರತೆಯನ್ನು ಸಾಮಾನ್ಯವಾಗಿ ಹಾಗೆಯೇ ಕೂಡದೆ ಅದರ ವರ್ಗವನ್ನು ಕೂಡುತ್ತಾರೆ. ಇದು ಗಣಿತದ ಸೂಕ್ಷ್ಮವಾಗಿ ಕಂಡರೂ ರೈತನ ಅನುಭವಕ್ಕೆ ಹತ್ತಿರವಾದದ್ದು. ನಾಲ್ಕು ತಿಂಗಳೂ ಬೇಡಿಕೆಗಿಂತ ಶೇ 10ರಷ್ಟು ನೀರು ಕಡಿಮೆಯಾದರೆ ಬೆಳೆ ಬಾಡಿದರೂ ಬದುಕುತ್ತದೆ. ಒಂದೇ ತಿಂಗಳಲ್ಲಿ ಶೇ 40ರಷ್ಟು ಕಡಿಮೆಯಾಗಿ ಉಳಿದ ಮೂರು ತಿಂಗಳು ನೀರು ಪೂರ್ತಿ ಬಂದರೂ ಗದ್ದೆ ಒಣಗಿರುತ್ತದೆ. ಬರಿಯ ಮೊತ್ತದಲ್ಲಿ ಎರಡೂ 40. ವರ್ಗಗಳ ಮೊತ್ತದಲ್ಲಿ ಮೊದಲನೆಯದು 400, ಎರಡನೆಯದು 1,600. ಮಾನದಂಡವನ್ನು ಹೇಗೆ ಬರೆಯಬೇಕೆಂಬ ಈ ಮೊದಲ ಹೆಜ್ಜೆಯಲ್ಲೇ ಉತ್ತರದ ಅರ್ಧ ಭಾಗ ಅಡಗಿರುವುದರಿಂದ ಕ್ರಮವಿಧಿಯ ಆಯ್ಕೆಗಿಂತ ಹೆಚ್ಚಿನ ಶ್ರಮ ಇದಕ್ಕೆ ಸಲ್ಲಬೇಕು.

ಅಂಚನ್ನು ಪೂರ್ತಿಯಾಗಿ ಕಂಡವರಿಗೆ ಆಯ್ಕೆಗೂ ಮೀರಿದ ಲಾಭವೊಂದು ಸಿಗುತ್ತದೆ. ಒಂದು ತುದಿಯನ್ನು ಆಧಾರಕ್ಕೆ ಬೆಸುಗೆ ಹಾಕಿ ಇನ್ನೊಂದು ತುದಿಯಲ್ಲಿ ಭಾರ ಹೊರಿಸಿದ ತೊಲೆಯ ವೆಚ್ಚವೂ ಕಡಿಮೆಯಿರಬೇಕು, ಬಾಗುವಿಕೆಯೂ ಕಡಿಮೆಯಿರಬೇಕು ಎಂಬುದು ಈ ಶಾಸ್ತ್ರದ ಪರಿಚಿತ ಅಭ್ಯಾಸ ಸಮಸ್ಯೆ. ಡೆಬ್ ಅವರ ಬಳಗ ಅದರ ಉತ್ತಮ ವಿನ್ಯಾಸಗಳನ್ನೆಲ್ಲ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಅಂಚಿನ ಬಹುಭಾಗದಲ್ಲಿ ತೊಲೆಯ ಎತ್ತರವು ಅನುಮತಿಸಿದ ಗರಿಷ್ಠ ಮಿತಿಯಲ್ಲೇ ನಿಂತಿದ್ದು, ಬದಲಾಗುತ್ತಿದ್ದದ್ದು ಮುಖ್ಯವಾಗಿ ಅಗಲ ಎಂಬುದು ಗೋಚರಿಸಿತು. ಬಾಗುವಿಕೆಯು ಅಗಲಕ್ಕೆ ವಿಲೋಮವಾಗಿದ್ದರೆ ಎತ್ತರದ ಮೂರನೆಯ ಘಾತಕ್ಕೆ ವಿಲೋಮವಾಗಿರುವುದರಿಂದ ಇದಕ್ಕೆ ಸ್ಪಷ್ಟವಾದ ಕಾರಣವಿದೆ. ಅಗ್ಗದ ವಿನ್ಯಾಸಕ್ಕೂ ದುಬಾರಿ ವಿನ್ಯಾಸಕ್ಕೂ ಸಮಾನವಾದ ಗುಣವೆಂದರೆ ಅದು ಆ ಸಮಸ್ಯೆಯ ಒಳಗಿನ ನಿಯಮವೇ ಸರಿ. ಒಂದೇ ಉತ್ತರದಲ್ಲಿ ತೃಪ್ತಿಪಟ್ಟವರಿಗೆ ಅದು ಎಂದೂ ಕಾಣುವುದಿಲ್ಲ.

ಕಾರ್ಖಾನೆಯ ದೈನಂದಿನ ನಿರ್ಧಾರಗಳಲ್ಲೂ ಇದೇ ಬಗೆಯ ಅಂಚುಗಳಿವೆ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆಯ ಮೇಲೆ ನೀರು ಸಿಂಪಡಿಸಿ ಮತ್ತೊಮ್ಮೆ ಅರೆದು ಉಳಿದ ಸಿಹಿಯನ್ನು ಹಿಂಡುತ್ತಾರೆ. ನೀರು ಹೆಚ್ಚಿಸಿದಷ್ಟೂ ಸಕ್ಕರೆ ಹೆಚ್ಚು ಸಿಗುತ್ತದೆ, ಆದರೆ ಹಾಗೆ ಸೇರಿಸಿದ ನೀರನ್ನು ಆಮೇಲೆ ಆವಿ ಮಾಡಲು ಹಬೆ ಬೇಕು. ಆ ಹಬೆಗೆ ಉರಿಯುವುದು ಅದೇ ಸಿಪ್ಪೆ. ಉಳಿದ ಸಿಪ್ಪೆಯಿಂದಲೇ ಗ್ರಿಡ್ಡಿಗೆ ಮಾರುವ ವಿದ್ಯುತ್ ಹುಟ್ಟಬೇಕು. ಇಲ್ಲಿ ಎರಡಕ್ಕೂ ಬೆಲೆಯಿದೆಯಾದ್ದರಿಂದ ಇದು ಕೊಳವೆಯ ಲೆಕ್ಕದಂತೆಯೇ ಸರಳ ಎನಿಸಬಹುದು. ಆದರೆ ಬೆಲೆಗಳು ಬದಲಾಗುತ್ತಲೇ ಇರುವುದರಿಂದ ಒಂದು ದರಕ್ಕೆ ಹೊಂದಿಸಿದ ಉತ್ತರದ ಬದಲು ಇಡೀ ಅಂಚನ್ನು ಕೈಯಲ್ಲಿಟ್ಟುಕೊಂಡ ವ್ಯವಸ್ಥಾಪಕನು ದರ ಬದಲಾದ ದಿನ ಹೊಸ ಅಧ್ಯಯನಕ್ಕೆ ಕಾಯಬೇಕಾಗಿಲ್ಲ.

ತೂಕಗಳನ್ನು ಮೊದಲೇ ನಿಗದಿಪಡಿಸುವುದು ಸರಿಯೆನಿಸುವ ಒಂದು ಕ್ಷೇತ್ರವೂ ಇದೆ ಎಂಬುದನ್ನು ಒಪ್ಪಬೇಕು. ಸರ್ಕಾರಿ ಟೆಂಡರುಗಳಲ್ಲಿ ಕನಿಷ್ಠ ದರವೊಂದನ್ನೇ ನೋಡುವ ರೂಢಿಗೆ ಪರ್ಯಾಯವಾಗಿ ಗುಣಮಟ್ಟವನ್ನೂ ಅಂಕಗಳಲ್ಲಿ ಎಣಿಸುವ ಪದ್ಧತಿಯನ್ನು ಕಾಮಗಾರಿಗಳಿಗೆ ವಿಸ್ತರಿಸಲು ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಷರತ್ತುಗಳೊಂದಿಗೆ ಅವಕಾಶ ನೀಡಿದಾಗ, ದರದ ಹೊರತಾದ ಅಂಶಗಳಿಗೆ ಶೇ 30ಕ್ಕಿಂತ ಹೆಚ್ಚು ತೂಕ ಇರಕೂಡದೆಂದು ವಿಧಿಸಿತು. ಬಿಡ್ಡುಗಳು ತೆರೆದ ಮೇಲೆ ಆದ್ಯತೆ ನಿರ್ಧರಿಸಲು ಬಿಟ್ಟರೆ ಬೇಕಾದವರನ್ನು ಗೆಲ್ಲಿಸಲು ದಾರಿಯಾಗುವುದರಿಂದ ಅಲ್ಲಿ ಮುಂಚಿತವಾದ ತೂಕವು ಪಕ್ಷಪಾತಕ್ಕೆ ಹಾಕಿದ ಬೇಲಿ. ಬೇಲಿ ಬೇಕಾದಲ್ಲಿ ತೂಕ ಇರಲಿ. ಆದರೆ ಆ ಕಾರಣ ಜಲಾಶಯಕ್ಕೋ ಯಂತ್ರ ವಿನ್ಯಾಸಕ್ಕೋ ಅನ್ವಯಿಸುವುದಿಲ್ಲ, ಅಲ್ಲಿ ಸ್ಪರ್ಧಿಸುವವು ಕಂಪನಿಗಳಲ್ಲ, ಸಾಧ್ಯತೆಗಳು.

ಮಾನದಂಡಗಳನ್ನು ಎಗ್ಗಿಲ್ಲದೆ ಸೇರಿಸುತ್ತ ಹೋಗುವ ಉತ್ಸಾಹಕ್ಕೂ ಮಿತಿಯಿರಬೇಕು. ಪರಸ್ಪರ ಸಂಬಂಧವಿಲ್ಲದ ಮಾನದಂಡಗಳು ಎರಡಿದ್ದಾಗ, ಯಾದೃಚ್ಛಿಕವಾಗಿ ಆಯ್ದ ಎರಡು ಯೋಜನೆಗಳಲ್ಲಿ ಒಂದು ಇನ್ನೊಂದನ್ನು ಪೂರ್ತಿಯಾಗಿ ಸೋಲಿಸುವ ಸಂಭವ ಎರಡರಲ್ಲಿ ಒಂದು. ಮಾನದಂಡಗಳು ಹತ್ತಾದರೆ ಆ ಸಂಭವ 512ರಲ್ಲಿ ಒಂದಕ್ಕೆ ಕುಸಿಯುತ್ತದೆ. ಆಗ ಹೆಚ್ಚುಕಡಿಮೆ ಎಲ್ಲ ಯೋಜನೆಗಳೂ ಅಂಚಿನ ಮೇಲೆಯೇ ಇದ್ದು, ಅಂಚು ಏನನ್ನೂ ಹೇಳದಂತಾಗುತ್ತದೆ. ನಿಜವಾಗಿ ಜಗಳವಾಡುವ ಎರಡೋ ಮೂರೋ ಉದ್ದೇಶಗಳನ್ನು ಗುರುತಿಸಿ, ಉಳಿದವನ್ನು ಮಿತಿಗಳಾಗಿ ಇಡುವುದು ವಿವೇಕದ ದಾರಿ.

ಭದ್ರಾ ಅಚ್ಚುಕಟ್ಟಿನಲ್ಲಿ ನೀರು ಹರಿಸುವ ದಿನಗಳನ್ನು ನಿರ್ಧರಿಸುವ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಸಭೆಗಳು ಬರದ ವರ್ಷಗಳಲ್ಲಿ ಹೇಗೆ ಕಾವೇರುತ್ತವೆ ಎಂಬುದು ಆ ಭಾಗದ ಪತ್ರಿಕೆಗಳನ್ನು ಓದುವವರಿಗೆ ಗೊತ್ತಿರುವ ಸಂಗತಿ. ನಿರಂತರವಾಗಿ ಹರಿಸಬೇಕೋ ಆನ್ ಆಂಡ್ ಆಫ್ ಪದ್ಧತಿಯಲ್ಲಿ ಬಿಟ್ಟು ಬಿಟ್ಟು ಹರಿಸಬೇಕೋ, ಭತ್ತಕ್ಕೆ ಅವಕಾಶ ಕೊಡಬೇಕೋ ತೋಟಗಳನ್ನು ಉಳಿಸಿಕೊಳ್ಳುವಷ್ಟಕ್ಕೆ ನಿಲ್ಲಿಸಬೇಕೋ ಎಂಬ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಸ್ತಾವದ ಸುತ್ತ, ಒಪ್ಪುವುದು ಅಥವಾ ವಿರೋಧಿಸುವುದು ಎಂಬ ಎರಡೇ ದಾರಿಗಳಲ್ಲಿ ನಡೆಯುತ್ತದೆ. ಅದರ ಬದಲು ಅಂಚಿನ ಮೇಲಿನ ಐದಾರು ವೇಳಾಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರಿಗೆ ನಾಲೆಯ ಮೇಲ್ಭಾಗದ ಕೊರತೆ ಎಷ್ಟು, ಕೊನೆಯಂಚಿನ ಕೊರತೆ ಎಷ್ಟು, ಯೂನಿಟ್ಟುಗಳು ಎಷ್ಟು, ಮೇ ಕೊನೆಗೆ ಜಲಾಶಯದಲ್ಲಿ ಉಳಿಯುವುದು ಎಷ್ಟು ಟಿಎಂಸಿ ಎಂಬ ನಾಲ್ಕು ಅಂಕಿಗಳನ್ನು ಮಳೆ ಸಾಧಾರಣವಾದ ವರ್ಷಕ್ಕೊಮ್ಮೆ, ಕೈಕೊಟ್ಟ ವರ್ಷಕ್ಕೊಮ್ಮೆ ಪ್ರತ್ಯೇಕವಾಗಿ ಕೊಟ್ಟು, ಆ ಹಾಳೆಯನ್ನು ಸಭೆಗೆ ಒಂದು ವಾರ ಮೊದಲೇ ಗ್ರಾಮ ಪಂಚಾಯಿತಿಗಳ ಸೂಚನಾ ಫಲಕಗಳಲ್ಲಿ ಅಂಟಿಸಬಹುದು. ಅದಕ್ಕೆ ಬೇಕಾದ ಒಳಹರಿವಿನ ದಾಖಲೆ ಇಲಾಖೆಯಲ್ಲಿದೆ, ಲೆಕ್ಕದ ವಿಧಾನ 2006ರಿಂದ ಪ್ರಕಟವಾಗಿಯೇ ಇದೆ, ಅದನ್ನು ಮಾಡಿ ಮುಗಿಸಲು ಸಾಧಾರಣ ಕಂಪ್ಯೂಟರ್ ಸಾಕು.